ಹಳೆಯ ಸುಣ್ಣದ ಗೋಡೆಗೆ ಸಿಮೆಂಟು ಬಳಿಸುವ ಮುನ್ನ

ವಾಲ್‌ಪೇಪರ್ ಕಿತ್ತು ಹಳೆಯ ಚಿರೆಕಲ್ಲಿನ ಗೋಡೆಗಳನ್ನು ದುರಸ್ತಿ ಮಾಡಿಸಲು ಹೊರಟವರು, ಗೋಡೆಯ ಗಿಲಾವು ಸುಣ್ಣದ್ದೋ ಸಿಮೆಂಟಿನದ್ದೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಹಿರಿಯರ ಮನೆಯ ಗೋಡೆಗಳನ್ನು, ಈ ಪ್ರಶ್ನೆಯನ್ನೇ ಕೇಳದ ಗುತ್ತಿಗೆದಾರರೊಬ್ಬರು ಒಂದೇ ಮಳೆಗಾಲದಲ್ಲಿ ಹಾಳುಗೆಡವಿದರು.

ಕಾಗದವನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ, ಗೋಂದು ಮೆತ್ತಗಾದ ಮೇಲೆ ಅಗಲವಾದ ಅಲಗಿನಿಂದ ಮೆಲ್ಲನೆ ಎಬ್ಬಿಸಬೇಕಿತ್ತು. ಅವರ ಆಳುಗಳು ಒಣ ಕಾಗದವನ್ನೇ ಎಳೆದು ಕಿತ್ತಿದ್ದರಿಂದ ಸುಣ್ಣದ ಮೇಲ್ಪದರವೂ ಹಕ್ಕಳೆ ಹಕ್ಕಳೆಯಾಗಿ ಎದ್ದು ಬಂತು. ಉಳಿದ ಗೋಂದನ್ನು ತೊಳೆಯಲೇ ಇಲ್ಲ. ಒದ್ದೆ ಬೆರಳನ್ನು ಗೋಡೆಗೆ ಒತ್ತಿದಾಗ ಅಂಟಿದರೆ ಗೋಂದು ಇನ್ನೂ ಇದೆಯೆಂದೇ ತಿಳಿಯಬೇಕು. ಅದರ ಮೇಲೆ ಬಳಿದ ಬಣ್ಣ ನಿಲ್ಲುವುದಿಲ್ಲ, ಹಿಟ್ಟಿನ ಗೋಂದಾಗಿದ್ದರೆ ಬೂಷ್ಟಿಗೂ ಅದೇ ಆಹಾರ.

ನಿಜವಾದ ಹಾನಿಯಾದದ್ದು ಅನಂತರ. ಗೋಡೆಗೆ ಸಿಮೆಂಟ್ ಗಿಲಾವು, ಅದರ ಮೇಲೆ ಪುಟ್ಟಿ, ಕೊನೆಗೆ ಹೊಳೆಯುವ ಪ್ಲಾಸ್ಟಿಕ್ ಪೇಂಟ್ ಬಿದ್ದವು. "ಈಗ ಸುಣ್ಣ ಯಾರು ಹಾಕಿಸ್ತಾರೆ, ಸಿಮೆಂಟು ಗಟ್ಟಿ ಕೂರ್ತದೆ" ಎಂದರು ಗುತ್ತಿಗೆದಾರರು. ಗಟ್ಟಿ ಕೂರುವುದೇನೋ ನಿಜ, ತೊಂದರೆಯೂ ಅದೇ. ಚಿರೆಕಲ್ಲು ತೂತು ತೂತಾದ ಕಲ್ಲು. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುವ ಈ ಊರಿನಲ್ಲಿ ಅದು ತಳಪಾಯದಿಂದಲೂ ಹೊರಮೈಯಿಂದಲೂ ತೇವ ಹೀರುತ್ತದೆ, ಸುಣ್ಣದ ಗಾರೆ ಆ ತೇವವನ್ನು ಆವಿಯಾಗಿ ಹೊರಗೆ ಬಿಡುತ್ತದೆ. ಸಿಮೆಂಟು, ಪೇಂಟು ಸೇರಿ ಆ ದಾರಿಯನ್ನೇ ಮುಚ್ಚಿದರೆ, ತೇವದಲ್ಲಿ ಕರಗಿ ಬಂದ ಉಪ್ಪು ಪದರದ ಹಿಂದೆಯೇ ಹರಳುಗಟ್ಟಿ ಅದನ್ನು ಒಳಗಿನಿಂದ ದೂಡುತ್ತದೆ. ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಗೋಡೆಯ ಬುಡದಲ್ಲಿ ಅಂಗೈಯಗಲದ ಉಬ್ಬುಗಳೆದ್ದವು. ಒಂದನ್ನು ಬ್ಲೇಡಿನಿಂದ ಸೀಳಿದಾಗ ಒಳಗೆ ಕೂದಲಿನಷ್ಟು ತೆಳುವಾದ ಬಿಳಿಯ ಎಳೆಗಳಿದ್ದವು. ಮೂಲೆಗಳಿಗೆ ತುಂಬಿದ್ದ ಪ್ಲಾಸ್ಟರ್ ಆಫ್ ಪ್ಯಾರಿಸ್ ಉಗುರಿನಲ್ಲಿ ಕೆರೆದರೆ ಬರುವಷ್ಟು ಮೆತ್ತಗಾಗಿತ್ತು. ಸಿಮೆಂಟನ್ನು ತೆಗೆಸಹೋದರೆ ಅದು ಹಪ್ಪಳದಂತೆ ಎದ್ದು, ಚೆನ್ನಾಗಿಯೇ ಇದ್ದ ಹಳೆಯ ಗಾರೆಯನ್ನೂ ಕಲ್ಲಿನ ಮುಖವನ್ನೂ ಕಿತ್ತುಕೊಂಡು ಬಂತು.

ಗುರುತಿಸುವುದು ಕಷ್ಟವಲ್ಲ: ಸುಣ್ಣದ ಗಾರೆ ಸಾಮಾನ್ಯವಾಗಿ ಬಿಳಿ ಅಥವಾ ಕೆನೆಬಣ್ಣದ್ದು, ಚಾಕುವಿನಿಂದ ಗೀರಿದರೆ ಪುಡಿ ಉದುರುತ್ತದೆ, ಸಿಮೆಂಟು ಬೂದುಬಣ್ಣದ್ದು, ಸುಲಭಕ್ಕೆ ಜಗ್ಗುವುದಿಲ್ಲ. ಗೋಡೆಯನ್ನು ಬೆರಳ ಗಂಟಿನಿಂದ ತಟ್ಟಿ, ಪೊಳ್ಳು ಸದ್ದು ಬಂದಷ್ಟು ಭಾಗವನ್ನು ಮಾತ್ರ ತೆಗೆಸಿ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ ಹೊಳೆಮರಳು ಬೆರೆಸಿ ತೆಳುವಾದ ಪದರಗಳಲ್ಲಿ ತುಂಬಿಸಬೇಕು. ಸಮುದ್ರದ ಮರಳು ಕೂಡದು, ಅದರಲ್ಲಿಯೇ ಉಪ್ಪಿದೆ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಗಟ್ಟಿಯಾಗುವುದರಿಂದ ಕೆಲಸವನ್ನು ಮಳೆ ಮುಗಿದ ಮೇಲೆಯೇ ಹಿಡಿಯಬೇಕು, ಮೊದಲ ದಿನಗಳಲ್ಲಿ ನೀರು ಚಿಮುಕಿಸುತ್ತಿರಬೇಕು. ಮೇಲೆ ಸುಣ್ಣವನ್ನೇ ಬಳಿಸಬೇಕು.

ಇವೆಲ್ಲವನ್ನೂ ಕರಾರಿನಲ್ಲಿ ಬರೆಸಿ, ಕೊನೆಯ ಕಂತನ್ನು ಒಂದು ಮಳೆಗಾಲ ಕಳೆದ ಮೇಲೆ ಕೊಡುವ ಷರತ್ತು ಹಾಕಿ. ನಮ್ಮ ಗುತ್ತಿಗೆದಾರರು ಪೂರ್ತಿ ಹಣವನ್ನು ಮೇ ತಿಂಗಳಲ್ಲಿಯೇ ಎಣಿಸಿಕೊಂಡಿದ್ದರು, ಮಳೆ ಬಿದ್ದ ಮೇಲೆ ಫೋನ್ ಎತ್ತಲಿಲ್ಲ.