ಮನೆಯಲ್ಲಿ ಬಳಸುವ ನ್ಯಾರೋಬ್ಯಾಂಡ್ ಯುವಿಬಿ ದೀಪ: ತೊನ್ನಿನ ಚಿಕಿತ್ಸೆಗೆ ಕೊಳ್ಳಬಹುದೇ?

ತೊನ್ನಿಗೆ ಬೆಳಕಿನ ಚಿಕಿತ್ಸೆ ಬೇಕೆಂದು ಚರ್ಮವೈದ್ಯರು ಹೇಳಿದ ಮೇಲೆ ರೋಗಿಗೆ ಮೊದಲು ಎದುರಾಗುವ ತೊಂದರೆ ಓಡಾಟದ್ದು. ವಾರಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ, ಆಸ್ಪತ್ರೆಗೆ ಹೋಗಿ ಕೆಲವೇ ನಿಮಿಷ ಯಂತ್ರದ ಮುಂದೆ ನಿಂತು ಬರಬೇಕು. ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿರುವ ನನ್ನ ತಂಗಿ ಅದಕ್ಕಾಗಿ ಶಿವಮೊಗ್ಗಕ್ಕೆ ಹೋಗಿಬರುವುದಾದರೆ ವಾರದ ಅರ್ಧ ಕೆಲಸ ಬಿಡಬೇಕಾಗುತ್ತಿತ್ತು. ಹಾಗಾಗಿ ವೈದ್ಯರನ್ನೇ ಕೇಳಿ, ಅವರು ಒಪ್ಪಿದ ಮೇಲೆ, ಕೈಯಲ್ಲಿ ಹಿಡಿದು ಬಳಸುವ ಸಣ್ಣ ದೀಪವೊಂದನ್ನು ಕೊಂಡೆವು. ಒಂದು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಬಳಸಿ ಕಂಡದ್ದನ್ನು, ಈ ಬಗ್ಗೆ ನಡೆದಿರುವ ಸಂಶೋಧನೆಯೊಂದಿಗೆ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ದೊಡ್ಡ ಟಾರ್ಚಿನಷ್ಟಿರುವ ಈ ಯಂತ್ರದೊಳಗೆ ಒಂದೇ ಒಂದು ಟ್ಯೂಬ್ ಬಲ್ಬು ಇದೆ. ಅದು ಹೊಮ್ಮಿಸುವ ಅತಿನೇರಳೆ (ಯುವಿಬಿ) ಕಿರಣಗಳ ತರಂಗಾಂತರ ಬಹುಪಾಲು 311ರಿಂದ 313 ನ್ಯಾನೋಮೀಟರ್. ಬಿಸಿಲಿನಲ್ಲಿ ಚರ್ಮವನ್ನು ಹೆಚ್ಚು ಸುಡುವ ಕಿರಣಗಳು ಇದಕ್ಕಿಂತ ಕಡಿಮೆ ತರಂಗಾಂತರದವು. ಅವನ್ನು ಆದಷ್ಟು ಬಿಟ್ಟು ಉಪಯುಕ್ತವಾದ ಕಿರಿದಾದ ಪಟ್ಟಿಯನ್ನಷ್ಟೇ ಬಳಸುವುದೇ ನ್ಯಾರೋಬ್ಯಾಂಡ್ ಎಂಬ ಈ ವಿಧಾನದ ಸಾರ. ತೊನ್ನಿನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಬಣ್ಣ ತಯಾರಿಸುವ ಮೆಲನೊಸೈಟ್ ಕೋಶಗಳನ್ನು ನಾಶ ಮಾಡುತ್ತದೆ. ಈ ಬೆಳಕು ಆ ದಾಳಿಯನ್ನು ತಗ್ಗಿಸುವುದರ ಜೊತೆಗೆ, ಕೂದಲಿನ ಬುಡದಲ್ಲಿ ಉಳಿದಿರುವ ಮೂಲಕೋಶಗಳನ್ನು ಪ್ರಚೋದಿಸಿ ಹೊಸ ಬಣ್ಣದ ಕೋಶಗಳನ್ನು ಮೇಲಕ್ಕೆ ತರುತ್ತದೆ. ತೊನ್ನು ಮುಟ್ಟಿದರೆ ಅಂಟುವ ಕಾಯಿಲೆಯಲ್ಲ ಎಂಬುದನ್ನು ಇಂದಿಗೂ ಹೇಳಬೇಕಾಗಿ ಬರುತ್ತಿರುವುದು ನನಗೆ ನೋವಿನ ವಿಷಯ. ಮಕ್ಕಳಿಗೆ ಊಟ ಬಡಿಸುವ ಕೆಲಸದಲ್ಲಿರುವವರಿಗೆ ಆ ಅನುಮಾನದ ನೋಟ ಚೆನ್ನಾಗಿ ಗೊತ್ತು.

ಬಳಕೆಯ ವಿಚಾರದಲ್ಲಿ ಯಂತ್ರದ ಮೇಲೆ ನನಗೆ ದೊಡ್ಡ ದೂರಿಲ್ಲ. ಚರ್ಮದಿಂದ ಒಂದೇ ಅಂತರ ಕಾಯ್ದುಕೊಳ್ಳಲು ಮುಂದೆ ಪ್ಲಾಸ್ಟಿಕ್ ಬಾಚಣಿಗೆಯಂಥ ಭಾಗವಿದೆ, ಕಣ್ಣಿಗೆ ಕಪ್ಪು ಕನ್ನಡಕವಿದೆ, ಸೆಕೆಂಡುಗಳ ಲೆಕ್ಕದ ಟೈಮರ್ ಇದೆ. ಆದರೆ ಕರೆಂಟ್ ಹೋದರೆ ಟೈಮರ್ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇದು ಸಣ್ಣ ಕೊರತೆಯೇನಲ್ಲ, ಏಕೆಂದರೆ ಎಷ್ಟು ಸೆಕೆಂಡು ಆಗಿತ್ತೆಂದು ತಿಳಿಯದೆ ಮತ್ತೆ ಪೂರ್ತಿ ಹಿಡಿದರೆ ಚರ್ಮ ಸುಡುತ್ತದೆ. ನಾವು ಪಕ್ಕದಲ್ಲಿ ಮೊಬೈಲ್ ಟೈಮರನ್ನೂ ಇಟ್ಟುಕೊಳ್ಳುತ್ತೇವೆ.

ಎಷ್ಟು ಹೊತ್ತು ಹಿಡಿಯಬೇಕು ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ. ಕಡಿಮೆ ಪ್ರಮಾಣದಿಂದ ಆರಂಭಿಸಿ ಸ್ವಲ್ಪ ಸ್ವಲ್ಪವೇ ಏರಿಸುತ್ತಾ, ಬಿಳಿ ಮಚ್ಚೆಯ ಮೇಲೆ ತೆಳು ಗುಲಾಬಿ ಬಣ್ಣ ಬಂದು ಮರುದಿನದೊಳಗೆ ಮಾಯವಾಗುವ ಹಂತಕ್ಕೆ ತಂದು ನಿಲ್ಲಿಸಬೇಕು. ಕೆಂಪು ಮರುದಿನವೂ ಉಳಿದರೆ ಆ ದಿನ ದೀಪ ಮುಟ್ಟಬಾರದು; ಉರಿ ಅಥವಾ ಗುಳ್ಳೆ ಬಂದರೆ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಹಲವು ದಿನ ತಪ್ಪಿಸಿದ ಮೇಲೆ ಹಳೆಯ ಪ್ರಮಾಣದಿಂದಲೇ ಮುಂದುವರಿಸುವಂತಿಲ್ಲ. ತಂಗಿ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಜಾಗ, ಸೆಕೆಂಡು, ಮರುದಿನದ ಕೆಂಪು ಎಂದು ನಾಲ್ಕು ಅಂಕಣ ಹಾಕಿಕೊಂಡಿದ್ದಾಳೆ. ವೈದ್ಯರು ಚರ್ಮಕ್ಕಿಂತ ಮೊದಲು ಆ ಪುಸ್ತಕವನ್ನು ನೋಡಿ ಮುಂದಿನ ಪ್ರಮಾಣ ಬರೆಯುತ್ತಾರೆ. ದುಡ್ಡು ಕೊಟ್ಟು ಕೊಂಡ ದೀಪಕ್ಕಿಂತ ಈ ಏರ್ಪಾಟೇ ನಮಗೆ ಹೆಚ್ಚು ನೆರವಾಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮನೆಯಲ್ಲಿ ಮಾಡಿದ ಬೆಳಕಿನ ಚಿಕಿತ್ಸೆ ಆಸ್ಪತ್ರೆಯಷ್ಟೇ ಫಲ ಕೊಡುತ್ತದೆಯೇ ಎಂಬುದನ್ನು ಸೋರಿಯಾಸಿಸ್ (ಚರ್ಮದ ಮೇಲೆ ಹೊಟ್ಟಿನಂಥ ಪೊರೆ ಏಳುವ ಕಾಯಿಲೆ) ರೋಗಿಗಳಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. 196 ರೋಗಿಗಳ ಆ ಅಧ್ಯಯನದಲ್ಲಿ ಮನೆಯ ಚಿಕಿತ್ಸೆ ಆಸ್ಪತ್ರೆಯದಕ್ಕೆ ಸಮನಾಗಿತ್ತು, ರೋಗಿಗಳಿಗೆ ಹೊರೆಯೂ ಕಡಿಮೆ ಅನ್ನಿಸಿತ್ತು. ತೊನ್ನಿಗೆ ಸಂಬಂಧಿಸಿದ ಮುಖ್ಯ ಅಧ್ಯಯನ ಬ್ರಿಟನ್ನಿನ ಹೈ-ಲೈಟ್. ಅದರಲ್ಲಿ 517 ಜನರಿದ್ದರು, ಬಳಸಿದ್ದು ಇಂಥದೇ ಕೈದೀಪ. ಮಚ್ಚೆ ಮೊದಲಿಗಿಂತ ಬಹಳ ಕಡಿಮೆ ಎದ್ದು ಕಾಣುತ್ತಿದೆ ಅಥವಾ ಕಾಣುತ್ತಲೇ ಇಲ್ಲ ಎಂದು ರೋಗಿ ಅಥವಾ ಅವರ ಕಡೆಯವರೇ ಹೇಳಿದರೆ ಮಾತ್ರ ಅದನ್ನು ಯಶಸ್ಸೆಂದು ಎಣಿಸಿದ ಕಾರಣ ಈ ಅಧ್ಯಯನದ ಮೇಲೆ ನನಗೆ ವಿಶೇಷ ಗೌರವ. ಒಂಬತ್ತು ತಿಂಗಳ ಕೊನೆಗೆ ಸ್ಟೀರಾಯ್ಡ್ ಮುಲಾಮು ಮಾತ್ರ ಬಳಸಿದವರಲ್ಲಿ ಶೇ. 17, ದೀಪ ಮಾತ್ರ ಬಳಸಿದವರಲ್ಲಿ ಶೇ. 22, ಎರಡನ್ನೂ ಬಳಸಿದವರಲ್ಲಿ ಶೇ. 27 ಮಂದಿಗೆ ಆ ಯಶಸ್ಸು ಸಿಕ್ಕಿತು. ದೀಪ ಮಾತ್ರ ಹಿಡಿದರೆ ಮುಲಾಮಿಗಿಂತ ಮೇಲು ಎಂದು ಖಚಿತವಾಗಿ ಹೇಳುವಷ್ಟು ಅಂತರ ಬರಲಿಲ್ಲ. ಎರಡೂ ಸೇರಿದಾಗ ಬಂತು. ಎರಡನ್ನೂ ಬಳಸಿದವರಲ್ಲೂ ಹೆಚ್ಚಿನವರಿಗೆ ಅಷ್ಟು ದೊಡ್ಡ ಬದಲಾವಣೆ ಕಾಣಲಿಲ್ಲ, ಚಿಕಿತ್ಸೆ ನಿಲ್ಲಿಸಿದ ಮೇಲೆ ಬಂದ ಬಣ್ಣ ಮಾಸುವುದೂ ಇತ್ತು. ದೀಪದ ಪೆಟ್ಟಿಗೆಯ ಮೇಲೆ ಈ ಸಂಗತಿ ಇರುವುದಿಲ್ಲ, ಇರಬೇಕಿತ್ತು.

ನಮ್ಮ ಅನುಭವವೂ ಅದಕ್ಕೆ ದೂರವಿಲ್ಲ. ತುಟಿಯ ಪಕ್ಕದಲ್ಲಿದ್ದ ಮಚ್ಚೆಯೊಳಗೆ ಕೆಲವು ತಿಂಗಳ ಮೇಲೆ ಸಾಸಿವೆ ಚೆಲ್ಲಿದಂತೆ ಕಂದು ಚುಕ್ಕೆಗಳು ಮೂಡಿದವು. ಪ್ರತಿಯೊಂದರ ನಡುವೆಯೂ ಒಂದು ಕೂದಲಿನ ರಂಧ್ರ. ಆ ಚುಕ್ಕೆಗಳು ನಿಧಾನವಾಗಿ ಹಿಗ್ಗಿ ಒಂದಕ್ಕೊಂದು ಕೂಡಿ ಈಗ ಮಚ್ಚೆಯ ಬಹುಭಾಗ ತುಂಬಿದೆ. ಬೆರಳ ತುದಿಗಳಲ್ಲಿ ಮಾತ್ರ ಏನೂ ಆಗಿಲ್ಲ. ಅಲ್ಲಿ ಕೂದಲಿನ ಬುಡವೇ ಇಲ್ಲದಿರುವುದರಿಂದ ಬಣ್ಣ ಬರುವುದು ಕಷ್ಟವೆಂದು ವೈದ್ಯರು ಮೊದಲೇ ತಿಳಿಸಿದ್ದರು, ಆದ್ದರಿಂದ ನಿರಾಸೆ ಅಷ್ಟಾಗಿ ತಟ್ಟಲಿಲ್ಲ. ಆರು ತಿಂಗಳಾದರೂ ಬಳಸದೆ ಫಲವಿಲ್ಲವೆಂದು ತೀರ್ಮಾನಿಸಬಾರದು. ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ಫೋಟೋ ತೆಗೆದಿಟ್ಟರೆ ಕಣ್ಣಿಗೆ ತಿಳಿಯದ ಬದಲಾವಣೆಯೂ ತಿಳಿಯುತ್ತದೆ.

ನನಗೆ ನಿಜವಾಗಿ ಬೇಸರ ತಂದದ್ದು ಮಾರಾಟದ ರೀತಿ. ನಾವು ಕೊಂಡ ಅಂಗಡಿಯವರು ವೈದ್ಯರ ಚೀಟಿ ಕೇಳಲಿಲ್ಲ, ಬೇರೆ ಕಾಯಿಲೆ ಇದೆಯೇ ಎಂದು ವಿಚಾರಿಸಲಿಲ್ಲ, ಕೈಪಿಡಿ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಬ್ರಿಟನ್ನಿನ ಆ ಅಧ್ಯಯನದಲ್ಲಿ ಭಾಗವಹಿಸಿದವರಿಗೆ ತರಬೇತಿ ಕೊಟ್ಟ ಮೇಲೂ 62 ಮಂದಿಗೆ ತೀವ್ರ ಕೆಂಪು ಅಥವಾ ಸುಟ್ಟಗಾಯ ಆಗಿತ್ತೆಂದ ಮೇಲೆ, ಏನೂ ಹೇಳಿಕೊಡದೆ ಇದನ್ನು ಮಾರುವುದು ಸರಿಯಲ್ಲ. ಲೂಪಸ್‌ನಂಥ, ಬೆಳಕಿಗೆ ಉಲ್ಬಣಿಸುವ ಕಾಯಿಲೆ ಇದ್ದವರು, ಚರ್ಮದ ಕ್ಯಾನ್ಸರ್ ಆಗಿದ್ದವರು ತಾವಾಗಿಯೇ ಇದನ್ನು ಬಳಸಬಾರದು. ನಮ್ಮ ಕಡೆ ತೊನ್ನಿಗೆ ಬಾವಂಚಿ ಎಣ್ಣೆ ಹಚ್ಚುವುದು ರೂಢಿ. ಅದರಲ್ಲಿರುವ ಸೊರಾಲೆನ್ ಚರ್ಮವನ್ನು ಬೆಳಕಿಗೆ ಬಹಳ ಸೂಕ್ಷ್ಮವಾಗಿಸುತ್ತದೆ. ಎಣ್ಣೆ ಹಚ್ಚುತ್ತಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ.

ಮಚ್ಚೆಗಳು ಕೆಲವೇ ಇದ್ದು, ಹತ್ತಿರದಲ್ಲಿ ಆಸ್ಪತ್ರೆ ಇಲ್ಲದೆ, ಎರಡು ತಿಂಗಳಿಗೊಮ್ಮೆಯಾದರೂ ನೋಡಿ ಪ್ರಮಾಣ ಬರೆದುಕೊಡುವ ಚರ್ಮವೈದ್ಯರಿದ್ದರೆ ಈ ದೀಪವನ್ನು ಧೈರ್ಯವಾಗಿ ಕೊಳ್ಳಬಹುದು. ಮೈತುಂಬ ಹರಡಿದ್ದರೆ ಇದರಿಂದ ಮಚ್ಚೆ ಮಚ್ಚೆಗೂ ಹಿಡಿಯುತ್ತಾ ಕೂರಲು ಗಂಟೆಗಳೇ ಬೇಕು; ಅಂಥವರಿಗೆ ಆಸ್ಪತ್ರೆಯಲ್ಲಿ ಮುಂದೆ ನಿಂತು ಬೆಳಕು ಪಡೆಯುವ ದೊಡ್ಡ ಯಂತ್ರವೇ ಸರಿ. ಕೊಳ್ಳುವ ಮೊದಲು ಬದಲಿ ಬಲ್ಬು ಸಿಗುತ್ತದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಬಲ್ಬು ಹಳೆಯದಾದಂತೆ ಶಕ್ತಿ ಕುಂದುತ್ತದೆ. ಹೊಸದು ಹಾಕಿದ ದಿನ ಹಳೆಯ ಸೆಕೆಂಡುಗಳನ್ನೇ ಹಿಡಿಯದೆ, ವೈದ್ಯರನ್ನು ಕೇಳಿ ಪ್ರಮಾಣ ಇಳಿಸಿಕೊಂಡೇ ಮುಂದುವರಿಸಬೇಕು.