ಚೋಕ್ ಸುತ್ತಲು ಯಾವ ತಂತಿ: ಪಿವಿಸಿ, ಎನಾಮೆಲ್, ಟೆಫ್ಲಾನ್?

ಫೆರೈಟ್ (ಕಾಂತೀಯ ಪಿಂಗಾಣಿ) ಉಂಗುರಕ್ಕೆ ಜೋಡಿ ತಂತಿ ಸುತ್ತಿ ಆಂಟೆನಾಕ್ಕೆ ಕಾಮನ್ ಮೋಡ್ ಚೋಕ್ (ಕೇಬಲ್‌ನ ಹೊರಮೈಯಲ್ಲಿ ಹರಿಯುವ ಬೇಡದ ವಿದ್ಯುತ್ತನ್ನು ತಡೆಯುವ ಸುರುಳಿ) ಮಾಡುವ ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರು ಮೊದಲು ಶಾಖವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮನೆ ವೈರಿಂಗಿನ ಸಾಮಾನ್ಯ ಪಿವಿಸಿ ತಂತಿಯ ಮಿತಿ 70 ಡಿಗ್ರಿ ಸೆಲ್ಸಿಯಸ್. ಬೆಳ್ಳಿ ಲೇಪಿತ ಟೆಫ್ಲಾನ್ ತಂತಿಯದು 200. ವಾರ್ನಿಷ್‌ನಂಥ ಲೇಪ ಬಳಿದ ತಾಮ್ರದ ಎನಾಮೆಲ್ ತಂತಿಯೂ ದರ್ಜೆಗೆ ತಕ್ಕಂತೆ 155, 180 ಡಿಗ್ರಿ ತಾಳುತ್ತದೆ. ಆದರೆ ಅದರ ಲೇಪ ತೀರಾ ತೆಳು: ಉಂಗುರದ ಅಂಚಿಗೆ ಉಜ್ಜಿ ಗೀರು ಬಿದ್ದರೆ ಕಿಡಿ ಹಾರಲು ದಾರಿಯಾಯಿತು. ಉಂಗುರಕ್ಕೆ ಮೊದಲು ಗಾಜುನೂಲಿನ ಟೇಪ್ ಸುತ್ತುವುದು ಒಳ್ಳೆಯದು.

ಇಂಪೀಡೆನ್ಸ್, ಅಂದರೆ ತಂತಿಜೋಡಿ ರೇಡಿಯೋ ಸಂಕೇತಕ್ಕೆ ಒಡ್ಡುವ ವಿದ್ಯುತ್ ತಡೆ, ಬಹಳ ಮಂದಿ ಮರೆಯುವ ವಿಷಯ. ಒತ್ತಾಗಿ ಕೂಡಿಸಿದ ಎನಾಮೆಲ್ ಜೋಡಿ 50 ಓಮ್‌ಗೆ ಹತ್ತಿರ; ಟೆಫ್ಲಾನ್, ಪಿವಿಸಿ ಜೋಡಿಗಳು ಸುಮಾರು 100 ಓಮ್. 50 ಓಮ್ ಕೇಬಲ್‌ಗೆ ಮೊದಲನೆಯದು ಹೊಂದುತ್ತದೆ. ಆಂಟೆನಾದ ಇಂಪೀಡೆನ್ಸ್ ಹೆಚ್ಚಿರುವಲ್ಲಿ ಉಳಿದವು.

ಬೆಲೆಯಲ್ಲಿ ಟೆಫ್ಲಾನ್ ದುಬಾರಿ, ಪಿವಿಸಿ ಎಲ್ಲ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ. 100 ವ್ಯಾಟ್‌ನ ಎಸ್‌ಎಸ್‌ಬಿ (ಧ್ವನಿ ಕಳಿಸುವ ಒಂದು ರೇಡಿಯೋ ವಿಧಾನ) ಮಾತುಕತೆಗೆ ಅದನ್ನೇ ಧೈರ್ಯವಾಗಿ ಬಳಸಿ. ಕಿಲೋವ್ಯಾಟ್ ಹತ್ತಿರದ ಶಕ್ತಿಯಲ್ಲಿ ನಿಮಿಷಗಟ್ಟಲೆ ಡಿಜಿಟಲ್ ಪ್ರಸಾರ ಮಾಡುವವರು ಮಾತ್ರ ಟೆಫ್ಲಾನ್‌ಗೆ ಹಣ ಹಾಕಲು ಹಿಂಜರಿಯಬಾರದು.