ಬೈತಖೋಲ ಬಂದರಿನ ಬಳಿಯ ಔಟ್‌ಬೋರ್ಡ್ ಎಂಜಿನ್ ರಿಪೇರಿ ಅಂಗಡಿ

ಮಳೆಗಾಲ ಕಳೆದು ದೋಣಿಯನ್ನು ನೀರಿಗಿಳಿಸಿದ ದಿನವೇ ನಮ್ಮ ಎರಡು ಸಿಲಿಂಡರಿನ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ಜೋಡಿಸುವ) ಎಂಜಿನ್, ಎಷ್ಟು ಹಗ್ಗ ಎಳೆದರೂ ಚಾಲೂ ಆಗಲಿಲ್ಲ. ಹೊಸ ಪ್ಲಗ್ ಹಾಕಿದರೂ ಕಿಡಿ ಬರಲಿಲ್ಲ. ಮೊದಲು ತೋರಿಸಿದ ಕಡೆಯಲ್ಲಿ ಏನನ್ನೂ ಅಳೆಯದೆ, ಸಿಡಿಐ (ಪ್ಲಗ್ಗಿನ ಕಿಡಿಯನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕ) ಬದಲಿಸಬೇಕೆಂದರು. ಅದು ಸಣ್ಣ ಖರ್ಚಲ್ಲ.

ಕಾರವಾರದ ಬೈತಖೋಲ ಬಂದರಿನ ಸಮೀಪದ ಈ ಚಿಕ್ಕ ಅಂಗಡಿಯ ಮೆಕ್ಯಾನಿಕ್, ಎರಡೂ ಸಿಲಿಂಡರುಗಳಲ್ಲಿ ಒಟ್ಟಿಗೇ ಕಿಡಿ ನಿಂತಿದ್ದರೆ ಎರಡಕ್ಕೂ ಒಂದೇ ಆಗಿರುವ ಭಾಗವನ್ನೇ ಮೊದಲು ಶಂಕಿಸಬೇಕೆಂದು ತಾಳ್ಮೆಯಿಂದ ವಿವರಿಸಿದರು. ಪೆಟ್ರೋಲ್ ಡಬ್ಬಿಯನ್ನು ದೂರವಿರಿಸಿ, ಸ್ಟಾಪ್ ಸ್ವಿಚ್ಚಿನ ತಂತಿಯನ್ನು ಸಿಡಿಐಯಿಂದ ಕಳಚಿ, ಪ್ಲಗ್ಗಿನ ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿ ಹಗ್ಗ ಎಳೆದಾಗ ನೀಲಿ ಕಿಡಿ ಸ್ಪಷ್ಟವಾಗಿ ಹಾರಿತು. ಉಪ್ಪುನೀರಿಗೆ ಕಿಲುಬು ಹಿಡಿದ ಸ್ವಿಚ್ಚು ಒಳಗೊಳಗೇ ಅರ್ಥ್ ಆಗಿ, ಎಂಜಿನ್ ನಿಲ್ಲಿಸುವ ಕೆಲಸವನ್ನು ಸದಾ ಮಾಡುತ್ತಲೇ ಇತ್ತು. ತಂತಿ ಕಳಚಿದಾಗಲೂ ಕಿಡಿ ಬಾರದಿದ್ದರೆ, ಫ್ಲೈವೀಲ್ (ಎಂಜಿನ್ನಿನ ಭಾರದ ತಿರುಗುಚಕ್ರ) ಕೆಳಗೆ ಸಿಡಿಐಗೆ ವಿದ್ಯುತ್ ಒದಗಿಸುವ ಚಾರ್ಜ್ ಕಾಯಿಲ್‌ನ ವಿದ್ಯುತ್ ರೋಧವನ್ನು ಮಲ್ಟಿಮೀಟರಿನಲ್ಲಿ ಅಳೆದು ಕೈಪಿಡಿಯ ಅಂಕಿಗೆ ಹೋಲಿಸಬೇಕು, ಸಿಡಿಐ ಸರದಿ ಅದರ ನಂತರದ್ದು ಎಂದರು.

ಬಿಡಿಭಾಗಗಳ ದಾಸ್ತಾನು ಇಲ್ಲಿ ಕಡಿಮೆ; ಸ್ವಿಚ್ಚಿಗಾಗಿ ಎರಡು ದಿನ ಕಾಯಬೇಕಾಯಿತು. ಆದರೆ ಸ್ವಿಚ್ಚಿನ ಬೆಲೆ ಮತ್ತು ಅರ್ಧ ಗಂಟೆಯ ಕೂಲಿಯನ್ನಷ್ಟೇ ಪಡೆದು, ಹಳೆಯ ಸ್ವಿಚ್ಚನ್ನು ಬಿಚ್ಚಿ ಹಸಿರುಗಟ್ಟಿದ ತಾಮ್ರವನ್ನು ನನಗೆ ತೋರಿಸಿದರು.